ಕೊಬ್ಬರಿ ಅಟ್ಟದ ಮೇಲೆ ಬರೆದ ಕಾದಂಬರಿ

ಅಟ್ಟಕ್ಕೆ ಏರಿಸಿದ ತೆಂಗಿನಕಾಯಿಯ ತಂಟೆಗೆ ನಮ್ಮ ಕಡೆ ಯಾರೂ ಹೋಗುವುದಿಲ್ಲ. ಸಿಪ್ಪೆ ಸಮೇತ ಬಿದಿರ ಗಳಗಳ ಮೇಲೆ ಸುರಿದು, ಏಣಿ ತೆಗೆದಿಟ್ಟು, ವರ್ಷದ ಮಟ್ಟಿಗೆ ಅದನ್ನು ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅಲ್ಲಿಯವರೆಗೂ ಮನೆಯ ಯಜಮಾನರಿಂದ ಹಿಡಿದು ಆಳುಕಾಳುಗಳವರೆಗೆ ಎಲ್ಲರಿಗೂ ಎಲ್ಲಿಲ್ಲದ ತಾಳ್ಮೆ. ಇಂಥ ಮನೆಗೆ ನಾನು ಸೊಸೆಯಾಗಿ ಬಂದಿದ್ದೆ. ಒಂದು ಕಾಯಿಗೆ ಇಡೀ ವರ್ಷ ಕೊಡುವ ಮನೆಯಲ್ಲಿ ನನಗೆ ಮಧ್ಯಾಹ್ನದ ಒಂದು ಗಂಟೆ ಕೊಡುವವರಿರಲಿಲ್ಲ. ಅದನ್ನು ನಾನು ಕದಿಯಬೇಕಾಯಿತು. ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಮೊದಲ ಕಾದಂಬರಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ವರ್ಷದ ಮಾತು ಇದು.

ನಮ್ಮ ಮನೆ ಬಿಳಿಗೆರೆಯ ಹತ್ತಿರ, ತೋಟದ ಅಂಚಿನಲ್ಲಿ. ಮಾವ ತೋಟ ನೋಡಿಕೊಳ್ಳುತ್ತಿದ್ದರು. ಗಂಡನಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಅತ್ತೆ ಒಳಗಿನ ಯಜಮಾನಿ. ಇನ್ನೂ ಶಾಲೆಗೆ ಸೇರದ ಒಬ್ಬಳೇ ಮಗಳು. ಮದುವೆಗೆ ಮುಂಚೆ ನಾನು ಬರೆದ ನಾಲ್ಕಾರು ಕಥೆಗಳು ಅಚ್ಚಾಗಿದ್ದವು. ಬಾಣಂತನ, ತೊಟ್ಟಿಲು ಎಲ್ಲ ಮುಗಿದ ಮೇಲೆ ಒಂದು ಕಾದಂಬರಿಯ ಮೊದಲ ಅಧ್ಯಾಯಗಳನ್ನು ಬರೆದು ಬೆಂಗಳೂರಿಗೆ ಕಳಿಸಿದ್ದೆ. ಸಂಪಾದಕರ ಉತ್ತರ ಬಂತು. ಯುಗಾದಿ ಸಂಚಿಕೆಯಿಂದ ಶುರು, ವಾರಕ್ಕೊಂದು ಕಂತು ತಪ್ಪದೆ ತಲುಪಬೇಕು, ಒಮ್ಮೆ ಶುರುವಾದ ಮೇಲೆ ನಿಲ್ಲಿಸುವಂತಿಲ್ಲ. ನೀರಿಗಿಳಿದವರಿಗೆ ಚಳಿಯೇನು ಮಳೆಯೇನು ಎಂದುಕೊಂಡು ಒಪ್ಪಿಬಿಟ್ಟೆ.

ಗಂಡ ಕಾಗದ ಓದಿ ಖುಷಿಪಟ್ಟರು. "ಮಂಡೀಲಿ ಎಲ್ರಿಗೂ ಹೇಳ್ತೀನಿ ತಡಿ. ಬರಿ ನೀನು, ನಾನೇನು ಬ್ಯಾಡ ಅನ್ನಲ್ಲ. ಮನೆಗೆಲ್ಸ ಕೆಡಬಾರ್ದು, ಅಷ್ಟೇಯ," ಎಂದರು. ಆ 'ಅಷ್ಟೇಯ' ಎಷ್ಟು ದೊಡ್ಡದೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಗಂಡಸರಿಗೆ ಹೇಳಿ ಪ್ರಯೋಜನವಿಲ್ಲ.

ಕಾದಂಬರಿಯ ವಸ್ತು ಸಣ್ಣದು. ನಮ್ಮೂರಿನಂಥ ಊರಿನಲ್ಲಿ ಒಬ್ಬ ಶಾಲೆಯ ಮೇಡಂ. ಗಂಡ, ಮಗು, ಅತ್ತೆ, ಮಾವ ಎಲ್ಲ ಇದ್ದಾರೆ. ಅವಳು ದಿನಾ ಸಂಜೆ ಒಂದು ಗಂಟೆ ತನ್ನ ಕೋಣೆಯ ಅಗುಳಿ ಹಾಕಿಕೊಳ್ಳುತ್ತಾಳೆ. ಒಳಗೆ ಏನು ಮಾಡುತ್ತಾಳೆಂದು ಊರು ತಲೆಗೊಂದು ಮಾತಾಡುತ್ತದೆ. ಇಷ್ಟೇ ಕಥೆ. ಆ ಬಾಗಿಲ ಹಿಂದೆ ಯಾವನಾದರೂ ಗಂಡಸು ಇದ್ದೇ ಇರುತ್ತಾನೆಂದು ಓದುಗರು ಕೊನೆಯವರೆಗೂ ಕಾದರು. ಅವಳು ಬರೆಯುತ್ತಿರಬಹುದೆಂದು ಊಹಿಸಿ ಪತ್ರ ಬರೆದವರು ಒಬ್ಬರೂ ಇಲ್ಲ.

ಮೊದಲ ಕೆಲವು ಕಂತುಗಳನ್ನು ಅಡುಗೆಮನೆಯಲ್ಲಿ ಬರೆದೆ. ರಾಗಿ ಬೀಸಲು ಕೊಟ್ಟು ಬಂದು ಎರಡು ಸಾಲು, ಸಾರಿಗೆ ಒಗ್ಗರಣೆ ಹಾಕಿ ಎರಡು ಸಾಲು. ಯಾರೋ ನೀರು ಕೇಳುತ್ತಾರೆ, ಯಾರೋ ಚಪ್ಪಲಿ ಕೇಳುತ್ತಾರೆ. ಬರೆಯುವವಳ ಕೈ ಖಾಲಿ ಇದೆ ಎಂದೇ ನೋಡುವವರ ಲೆಕ್ಕ. ಹೂ ಕಟ್ಟುತ್ತಿದ್ದರೆ "ಹೂ ಕಟ್ತಾವ್ಳೆ" ಎನ್ನುತ್ತಾರೆ, ಅಕ್ಕಿ ಆರಿಸುತ್ತಿದ್ದರೆ "ಅಕ್ಕಿ ಆರಿಸ್ತಾವ್ಳೆ" ಎನ್ನುತ್ತಾರೆ, ಬರೆಯುತ್ತಿದ್ದರೆ ಮಾತ್ರ "ಸುಮ್ನೆ ಕುಂತವ್ಳೆ" ಎನ್ನುತ್ತಾರೆ. ಹಾಗೆ ಬರೆದದ್ದನ್ನು ಓದಿದರೆ ನನಗೇ ಅಸಹ್ಯವಾಗುತ್ತಿತ್ತು. ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಂಟೇ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜೇಡರ ಬಲೆ ತೆಗೆಯಲೆಂದು ಏಣಿಯನ್ನು ನಡುಮನೆಗೆ ತಂದವರು ಅಟ್ಟಕ್ಕೆ ಆನಿಸಿದಂತೆಯೇ ಬಿಟ್ಟು ಹೋಗಿದ್ದರು. ಹತ್ತಿ ನೋಡಿದೆ. ದೀಪಾವಳಿ ಕಳೆದ ಮೇಲೆ ಏರಿಸಿದ ಕಾಯಿ ಮಾಡಿನವರೆಗೂ ತುಂಬಿತ್ತು. ಗೋಡೆಯ ತುದಿಯಲ್ಲಿ ಗಾಳಿಗೆಂದು ಬಿಟ್ಟ ಸಣ್ಣ ಕಿಂಡಿ, ಅದರ ಪಕ್ಕ ಒಬ್ಬರು ಕೂರುವಷ್ಟು ಇಳಿಜಾರು. ಒಂದಿಷ್ಟು ಕಾಯಿಯನ್ನು ಆಚೆ ಸರಿಸಿ ಕೂತೆ. ಕೆಳಗಿನ ಮನೆಯ ಸದ್ದು ಇಲ್ಲಿಗೆ ಬರುವಷ್ಟರಲ್ಲಿ ಅದು ನನ್ನನ್ನು ಕರೆಯುವ ಸದ್ದಾಗಿ ಉಳಿದಿರಲಿಲ್ಲ. ನಾನು ಏಣಿಯನ್ನು ಮೇಲಕ್ಕೆ ಎಳೆದುಕೊಂಡೆ. ಮದುವೆಯಾದ ಮೇಲೆ ಅಷ್ಟು ಸುಖ ನಾನು ಕಂಡಿರಲಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ.

ಅತ್ತೆ ಎರಡನೆಯ ದಿನವೇ ಪತ್ತೆ ಹಚ್ಚಿದರು. ಕೆಳಗೆ ನಿಂತು ಕತ್ತೆತ್ತಿ ಕೇಳಿದರು:

"ಏನೇ ಮಾಡ್ತಿದ್ದೀಯಾ ಅಲ್ಲಿ?"

"ಬರೀತಿದ್ದೀನಿ ಅತ್ತೆ."

"ಕಾಯಿ ಎಬ್ಬಿಸಿದ್ಯಾ?"

"ಸ್ವಲ್ಪ ಆ ಕಡೆ ಸರಿಸ್ದೆ, ಅಷ್ಟೆ."

ನಮ್ಮ ಮನೆಯಲ್ಲಿ ಒಂದು ನಂಬಿಕೆ: ಅಟ್ಟದಲ್ಲಿ ಮಲಗಿದ ಕಾಯಿಯನ್ನು ನಡುವೆ ಎಬ್ಬಿಸಿದರೆ ಕೊಳೆಯುತ್ತದೆ. ಅತ್ತೆಗೆ ಅದರಲ್ಲಿ ಎಷ್ಟು ನಂಬಿಕೆಯಿತ್ತೋ ನನಗೆ ಗೊತ್ತಿಲ್ಲ. "ಇಳಿ ಅಂತ ನಾನ್ಯಾಕೆ ಅನ್ಲಿ. ನಿಮ್ಮ ಮಾವಂಗೆ ಗೊತ್ತಾದ್ರೆ ಮಾತ್ರ ನಾನು ಕಂಡೇ ಇಲ್ಲ ಕಣಮ್ಮ. ಈಗ್ಲೇ ಹೇಳಿವ್ನಿ," ಎಂದು ಹೋಗಿ ಚಾಪೆ ಹಾಸಿಕೊಂಡು ಮಲಗಿದರು. ಅವರು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡರು. ಅದನ್ನು ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಒಂದು ಕ್ರಮ ಬಂತು. ಬೆಳಗ್ಗೆ ಪಾತ್ರೆ ತೊಳೆಯುತ್ತ, ಮುದ್ದೆ ತೊಳಸುತ್ತ ಮುಂದಿನ ಸಾಲುಗಳನ್ನು ಬಾಯಲ್ಲೇ ಉರು ಹೊಡೆಯುತ್ತಿದ್ದೆ. ಮಧ್ಯಾಹ್ನ ಎಲ್ಲರ ಊಟವಾಗಿ ಮಾವ ತೋಟಕ್ಕೆ, ಗಂಡ ಮಂಡಿಗೆ ಹೋದ ಮೇಲೆ ಅಟ್ಟ ಹತ್ತಿ, ಉರು ಹೊಡೆದದ್ದನ್ನು ಹಾಳೆಗೆ ಇಳಿಸುತ್ತಿದ್ದೆ. ಮೊದಲು ಪೆನ್ಸಿಲ್ಲಿನಲ್ಲಿ, ಹಳೆಯ ಹಾಳೆಗಳ ಬೆನ್ನಿಗೆ. ವಾರದ ಕೊನೆಗೆ ಉದ್ದ ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ಜಾಗ ಬಿಟ್ಟು, ಶಾಯಿ ಪೆನ್ನಿನಲ್ಲಿ ಚೊಕ್ಕ ಪ್ರತಿ. ಪೆನ್ಸಿಲ್ಲಿನ ಪ್ರತಿ ನನ್ನ ಬಳಿ ಉಳಿಯುತ್ತಿತ್ತು. ಲಕೋಟೆಯನ್ನು ಗಂಡ ತಿಪಟೂರಿನ ಅಂಚೆಗೆ ಹಾಕಬೇಕು. ಎರಡು ಸಲ ಅದು ಅವರ ಅಂಗಿಯ ಜೇಬಿನಲ್ಲೇ ಮನೆಗೆ ವಾಪಸು ಬಂತು. ಎರಡನೆಯ ಸಲ ನಾನು ಲಕೋಟೆ ಕಿತ್ತುಕೊಂಡು ಬಸ್ಸು ಹತ್ತಿದೆ. ರೈಲ್ವೆ ಸ್ಟೇಷನ್ನಿಗೆ ಹೋದರೆ ಬೆಂಗಳೂರಿಗೆ ಹೋಗುವ ಗಾಡಿಯ ಟಪಾಲು ಬೋಗಿಯಲ್ಲೇ ಒಂದು ಅಂಚೆ ಡಬ್ಬಿ ಇರುತ್ತದೆ, ಹೆಚ್ಚಿನ ಸ್ಟಾಂಪು ಅಂಟಿಸಿ ಅದಕ್ಕೆ ಹಾಕಿದರೆ ಮರುದಿನವೇ ತಲುಪುತ್ತದೆ. ಈ ವಿದ್ಯೆ ನನಗೆ ಆವತ್ತು ಗೊತ್ತಾಯಿತು.

ಮಗಳದ್ದೇ ಒಂದು ಪ್ರಪಂಚ. ಅಮ್ಮ ಅಟ್ಟದ ಮೇಲೆ ಹೋಗುವುದು ಕಾಯಿ ಒಣಗಿಸಲಿಕ್ಕೆ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ನಾನು ಅಲ್ಲಾಡಿದರೆ ಬಿದಿರಿನ ಸಂದಿಯಿಂದ ನಾರಿನ ಪುಡಿ ಉದುರುತ್ತಿತ್ತು. ಅವಳು ನೇರ ಕೆಳಗೆ ನಿಂತು ಲಂಗ ಒಡ್ಡಿ ಅದನ್ನು ಹಿಡಿಯುತ್ತಿದ್ದಳು.

"ಅವ್ವ, ಒಣಗ್ತಾ?"

"ಇನ್ನೂ ಇಲ್ಲ ಮಗ."

"ನೀನೂ ಒಣಗಾಗಂಟ ಅಲ್ಲೇ ಇರ್ತೀಯಾ?"

ನಗು ಬರುತ್ತಿತ್ತು. ಆದರೆ ಮಾತಿಗಿಳಿದರೆ ಹಿಡಿದ ಎಳೆ ತಪ್ಪುತ್ತದೆ. "ಅವ್ವ ಅಟ್ಟದಲ್ಲಿದ್ದಾಗ ಕರೀಬಾರ್ದು. ಆಗ ಅವ್ವ ಇಲ್ಲ ಅಂತ್ಲೇ ಅನ್ಕೋ," ಎಂದು ಹೇಳಿಕೊಟ್ಟೆ. ಜಾಣ ಮಗು, ಬೇಗ ಕಲಿತಳು. ಯಾರಾದರೂ ಬಂದರೆ "ಅವ್ವ ಮಲಗವ್ಳೆ" ಎನ್ನಬೇಕೆಂದು ಅಜ್ಜಿ ಬೇರೆ ಹೇಳಿಕೊಟ್ಟಿದ್ದರು. ನಮ್ಮ ಮನೆಯ ಹೆಣ್ಣುಮಗುವಿಗೆ ಓನಾಮಕ್ಕೆ ಮೊದಲೇ ಸುಳ್ಳಿನ ಪಾಠ ಶುರುವಾಗಿತ್ತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಬರವಣಿಗೆ ಒಳ್ಳೆಯ ಓಟದಲ್ಲಿತ್ತು. ಊರಿನ ಹಿರಿಯರು ಆ ಮೇಡಂ ಅನ್ನು ಕರೆಸಿ ವಿಚಾರಿಸುವ ಅಧ್ಯಾಯ. ಮುಗಿಸಿ, ಏಣಿ ಇಳಿಬಿಟ್ಟು ಇಳಿದೆ. ಮಗಳು ಕಂಬಕ್ಕೆ ಒರಗಿ ಕೂತಿದ್ದಳು. ಒಂದು ಕೈ ಕಿವಿಯ ಮೇಲೆ. ಮುಖವೆಲ್ಲ ಒದ್ದೆ. ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಎತ್ತಿಕೊಂಡರೆ ಮೈ ಕೆಂಡ. ಕಿವಿಯಿಂದ ಕೀವು ಸೋರಿ ಕತ್ತಿನವರೆಗೂ ಇಳಿದಿತ್ತು.

"ಯಾಕೆ ಮಗ ಕರೀಲಿಲ್ಲ?"

"ನೀನು ಇರ್ಲಿಲ್ವಲ್ಲ," ಎಂದಳು.

ಕೂಸನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ. ದಾರಿಯುದ್ದಕ್ಕೂ ಅಳುತ್ತಿದ್ದೆ. ಆಮೇಲೆ ಸಂಜೆ ಮನೆಯಲ್ಲಿ ಪಂಚಾಯಿತಿ ಕೂತಿತು. ತಾಯಿಯಾದವಳಿಗೆ ಜ್ಞಾನ ಬೇಡವೇ ಎಂದು ಮಾವ, ಕಾಗದ ಕಿವಿಗೆ ತುಂಬಿಕೊಂಡಿದ್ದಾಳೆ ಎಂದು ಗಂಡ. ನಾನು ಎಲ್ಲಿ ಕೂತು ಬರೆಯುತ್ತಿದ್ದೆನೆಂದು ಅತ್ತೆ ಆಗಲೂ ಬಾಯಿ ಬಿಡಲಿಲ್ಲ, ಮಾವ ಕೇಳಲೂ ಇಲ್ಲ. ನಾನು ಅತ್ತದ್ದು ನಿಜ, ಇಂದಿಗೂ ಆ 'ಇರ್ಲಿಲ್ವಲ್ಲ' ನನ್ನನ್ನು ಚುಚ್ಚುವುದೂ ನಿಜ. ಆದರೆ ಒಂದು ಮಾತು ಕೇಳುತ್ತೇನೆ. ಆ ಮಗು ಲಂಗ ಕಚ್ಚಿಕೊಂಡು ಅಳುತ್ತಿದ್ದಾಗ ಅದೇ ನಡುಮನೆಯಲ್ಲಿ ಅಜ್ಜಿ ಮಲಗಿದ್ದರು, ಜಗುಲಿಯಲ್ಲಿ ಆವತ್ತು ತೋಟಕ್ಕೆ ಹೋಗದ ಅಜ್ಜ ಎಲೆ ಅಡಿಕೆ ಹಾಕುತ್ತಿದ್ದರು. ಮಂಡಿಗೆ ರಜೆಯೆಂದು ಅಪ್ಪ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು. ಇಷ್ಟು ಜನರ ನಡುವೆ ಕೂತ ಮಗುವಿಗೆ ಯಾರೂ ಇರಲಿಲ್ಲವೆಂದರೆ ಅದು ನನ್ನೊಬ್ಬಳ ಅಟ್ಟದ ದೋಷವೇ? ಯಾರೂ ಅವರನ್ನು ಕೇಳಲಿಲ್ಲ.

ಕಿವಿ ತೊಳೆಸಲು ವಾರಕ್ಕೊಮ್ಮೆ ಕರೆತರಬೇಕೆಂದು ತಿಪಟೂರಿನ ಡಾಕ್ಟರು ಹೇಳಿದರು. ಆ ಓಡಾಟ ದೀಪಾವಳಿಯ ಆಚೆಗೂ ಮುಂದುವರಿಯಿತು. ಅಟ್ಟವನ್ನು ನಾನು ಬಿಡಲಿಲ್ಲ. ಮಗಳಿಗೆ ಮಾತ್ರ ಹೊಸ ಪಾಠ ಹೇಳಿದೆ: "ನೋವಾದ್ರೆ ಕೂಗು. ಜೋರಾಗಿ ಕೂಗು." ಅವಳು ತಲೆಯಾಡಿಸಿದಳು, ಕೂಗಲಿಲ್ಲ. ಮೊದಲು ಕಲಿತದ್ದನ್ನು ಅಳಿಸುವುದು ಸುಲಭವಲ್ಲ.

ಕೊನೆಯ ಕಂತುಗಳು ಮಾತ್ರ ಉಳಿದಿದ್ದವು. ಅಷ್ಟರಲ್ಲಿ ಕಾಯಿ ಇಳಿಸುವ ಕಾಲ ಬಂತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ವರ್ಷ ಅಟ್ಟದಲ್ಲಿದ್ದದ್ದು ನಮ್ಮ ತೋಟದ ಕಾಯಿ ಮಾತ್ರವಲ್ಲ. ಗಂಡ ಕಂದಿಕೆರೆ ಕಡೆ ಒಂದು ತೋಟದ ಫಸಲು ಗುತ್ತಿಗೆ ಹಿಡಿದಿದ್ದರು. ಅವಧಿ ಮುಗಿಯುತ್ತ ಬಂದಾಗ, ಮರದಲ್ಲಿ ಬಿಟ್ಟರೆ ತೋಟದವರ ಪಾಲಾಗುತ್ತದೆಂದು, ಬಲಿತದ್ದು ಬಲಿಯದ್ದು ನೋಡದೆ ಎಲ್ಲವನ್ನೂ ಕೆಡವಿಸಿ ತಂದಿದ್ದರು. ಬಲಿಯದ ಕಾಯಿ ಅಟ್ಟದಲ್ಲಿ ಒಣಗುವುದಿಲ್ಲ, ಕೊಳೆಯುತ್ತದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಗಾಡಿಯಿಂದ ಇಳಿಸುವಾಗಲೇ ಅತ್ತೆ ಒಂದೆರಡು ಕಾಯಿ ಬೆರಳಲ್ಲಿ ತಟ್ಟಿ ನೋಡಿ, "ಇದೇನ್ಲಾ ಮಗ, ಎಳಸು ತಂದಿದ್ದೀಯ," ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಗಂಡ "ಸುಮ್ನಿರವ್ವ, ಅಪ್ಪಂಗೆ ಹೇಳ್ಬ್ಯಾಡ," ಎಂದಿದ್ದರು.

ಇಳಿಸಿ, ಸುಲಿದು, ಚಿಪ್ಪು ಒಡೆಯುವ ದಿನ ಅಂಗಳವೆಲ್ಲ ನಾತ. ಒಡೆದಲ್ಲೆಲ್ಲ ಕಂದು ನೀರು, ಲೋಳೆ, ಬೂಷ್ಟು. ಅರ್ಧಕ್ಕರ್ಧ ಹೋಯಿತು. ಆಳುಗಳು ಮುಖ ಮುಖ ನೋಡಿಕೊಂಡರು. ಮಾವ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು, ಇನ್ನೊಂದನ್ನು ಅಲ್ಲಾಡಿಸಿದರು, ಎಲ್ಲರೂ ಕೇಳುವಂತೆ ಕೇಳಿದರು:

"ಅಟ್ಟಕ್ಕೆ ಯಾರು ಹತ್ತಿದ್ರು?"

ಗಂಡ ನೆಲ ನೋಡುತ್ತಿದ್ದರು. ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಾನು ಕಂಡೇ ಇಲ್ಲಪ್ಪ," ಎಂದರು.

"ನಾನೇ ಹತ್ತಿದ್ದೆ ಮಾವ," ಎಂದೆ. "ಬರೆಯೋಕೆ. ಕಿಂಡಿ ಹತ್ರ ಒಂದಿಷ್ಟು ಕಾಯಿ ಸರಿಸಿ ಕೂತ್ಕೋತಿದ್ದೆ. ಆದ್ರೆ ಇದು ಆ ಕಾಯಿ ಅಲ್ಲ."

ಆ 'ಆದ್ರೆ' ಎನ್ನುವುದರ ಆಚೆಯದು ಯಾರಿಗೂ ಬೇಕಿರಲಿಲ್ಲ. ನಾನು ಕೂರುತ್ತಿದ್ದ ಮೂಲೆಯಲ್ಲಿದ್ದದ್ದು ನಮ್ಮ ತೋಟದ ಬಲಿತ ಕಾಯಿ. ಅದು ಒಂದೂ ಕೆಡದೆ ಚಿಪ್ಪಿನೊಳಗೆ ಗುಂಡಗೆ ಕುಳಿತಿತ್ತು. ಅದನ್ನು ಎತ್ತಿ ತೋರಿಸಿದೆ. ಒಬ್ಬ ಆಳು ನೋಡಿ, ಗಂಡನ ಮುಖ ನೋಡಿ, ಕಣ್ಣು ತಪ್ಪಿಸಿದ. ಮಾವ ಒಂದೇ ಮಾತು ಹೇಳಿದರು: "ಏಣಿ ಹಿತ್ತಲಿಗೆ ಹಾಕ್ರಿ." ಅದನ್ನು ಹೊತ್ತುಕೊಂಡು ಹೋದವರು ನನ್ನ ಗಂಡ. ಆ ಸಂಜೆಯೊಳಗೆ ಕಾಯಿ ಕೊಳೆತದ್ದು ಯಾಕೆಂದು ಸುತ್ತಮುತ್ತಲ ಊರಿಗೆಲ್ಲ ಗೊತ್ತಾಗಿತ್ತು: ಆ ಮನೆಯ ಸೊಸೆ ಅಟ್ಟದ ಮೇಲೆ ಕತೆ ಬರೆದಳಂತೆ.

ನಾನು ಗಂಡನನ್ನು ಕೋಣೆಯಲ್ಲಿ ಕೇಳಿದೆ. "ನೀವಾದ್ರೂ ಹೇಳ್ಬಾರದಿತ್ತಾ?"

"ಅಪ್ಪನ ಮುಂದೆ ನನ್ ಮಾನ ಕಳೀಬೇಕಾ? ನಿಂದೇನು ಹೋಯ್ತೀಗ? ಕೆಳಗೇ ಕುಂತು ಬರಿ," ಎಂದರು. ನನ್ನದೇನು ಹೋಯಿತೆಂದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಇದೇ ನನಗೆ ಹೆಚ್ಚು ಕಹಿಯಾಗಿ ಉಳಿದಿರುವುದು.

ಆ ವಾರ ಕಂತು ಬರೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಕೂತು ಬರೆದ ಸಾಲನ್ನೆಲ್ಲ ಹೊಡೆದು ಹಾಕುತ್ತಿದ್ದೆ. ಮುಂದಿಟ್ಟಿದ್ದ ಒಂದೇ ಒಂದು ಹೆಚ್ಚುವರಿ ಕಂತನ್ನು ಕಳಿಸಿ ಮಾನ ಉಳಿಸಿಕೊಂಡೆ. ಅದಾದ ಮೇಲೆ ಕೈ ಬರಿದು. ಸಂಪಾದಕರಿಗೆ ಕಾಗದ ಬರೆದು ನಿಲ್ಲಿಸಿಬಿಡುವುದೆಂದು ಯೋಚಿಸಿದೆ. ಆ ಯೋಚನೆಯಲ್ಲೇ ಮಗಳನ್ನು ಕರೆದುಕೊಂಡು ಕಿವಿ ತೊಳೆಸಲು ತಿಪಟೂರಿಗೆ ಹೋದೆ. ಕ್ಷಮೆ ಕೇಳುವ ಕಾಗದವೂ ಉಳಿದ ಖಾಲಿ ಹಾಳೆಗಳೂ ಚೀಲದಲ್ಲಿದ್ದವು. ಡಾಕ್ಟರ ಹತ್ತಿರ ಕೆಲಸ ಬೇಗ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಗದವನ್ನು ಗಾಡಿಯ ಡಬ್ಬಿಗೇ ಹಾಕೋಣವೆಂದು ಸ್ಟೇಷನ್ನಿಗೆ ನಡೆದು, ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತೆ. ಒಂದು ಉದ್ದ ಬೆಂಚು, ಒಂದು ಮೇಜು, ಗೋಡೆಗೊಂದು ಕನ್ನಡಿ. ಬೇರೆ ಯಾರೂ ಇಲ್ಲ. ನನ್ನನ್ನು ಯಾರೂ ನೀರು ಕೇಳುವುದಿಲ್ಲ, ಚಪ್ಪಲಿ ಕೇಳುವುದಿಲ್ಲ. ಕಾಗದ ತೆಗೆದು ಅದರ ಬೆನ್ನಿಗೆ ಒಂದು ಸಾಲು ಬರೆದೆ. ಇನ್ನೊಂದು ಸಾಲು ಬಂತು.

ಮಗಳು ಬೆಂಚಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದಳು. ಪಿಸುಗುಟ್ಟಿದಳು:

"ಅವ್ವ, ಇಲ್ಲಿ ಮಾತಾಡ್ಬೋದಾ?"

ಪೆನ್ನು ನಿಂತಿತು. "ಆಡು ಮಗ. ಎಷ್ಟು ಬೇಕಾದ್ರೂ ಆಡು."

ಆಡಿದಳು ನೋಡಿ! ವರ್ಷದಿಂದ ಕೂಡಿಟ್ಟಿದ್ದನ್ನೆಲ್ಲ ಆಡಿದಳು. ಗೂಡ್ಸ್ ಗಾಡಿಯ ಬಗ್ಗೆ, ಡಾಕ್ಟರ ಪಿಚಕಾರಿಯ ಬಗ್ಗೆ, ಅಜ್ಜಿ ಮಲಗಿದಾಗ ಬಾಯಿ ತೆರೆಯುವುದರ ಬಗ್ಗೆ. ನಾನು ಊಂ ಊಂ ಎನ್ನುತ್ತ ಬರೆಯುತ್ತಿದ್ದೆ. ಎಳೆ ತಪ್ಪಲಿಲ್ಲ. ಬರೆಯುತ್ತ ಬರೆಯುತ್ತಲೇ ಒಂದು ಮಾತು ಹೊಳೆಯಿತು. ನನಗೆ ಅಟ್ಟ ಬೇಕಾಗಿದ್ದದ್ದು ಈ ಮಗುವಿನಿಂದ ದೂರವಿರಲಿಕ್ಕಲ್ಲ. ದೂರವಿಡಬೇಕಾಗಿದ್ದವರು ಬೇರೆ. ಅವರೆಲ್ಲ ಏಣಿಯ ಕೆಳಗೆ ಹಾಯಾಗಿದ್ದರು, ಏಣಿ ಎಳೆದುಕೊಂಡ ಪೆಟ್ಟು ಬಿದ್ದದ್ದು ಮಾತ್ರ ಇವಳಿಗೆ.

ಆ ಕಂತನ್ನು ಅಲ್ಲೇ ಮುಗಿಸಿ, ಕ್ಷಮೆಯ ಸಾಲುಗಳನ್ನು ಹೊಡೆದು ಹಾಕಿ, ಚೊಕ್ಕ ಪ್ರತಿಯಿಲ್ಲದೆ, ಹಾಗೆಯೇ ಲಕೋಟೆಗೆ ಹಾಕಿ ಗಾಡಿಯ ಡಬ್ಬಿಗೆ ಹಾಕಿದೆ. ಹಾಕಿದವಳು ಮಗಳು, ಎತ್ತಿಕೊಂಡವಳು ನಾನು. ಉಳಿದ ವಾರಗಳಲ್ಲಿ ಅದೇ ನಮ್ಮ ಪದ್ಧತಿಯಾಯಿತು. ಕಿವಿ ವಾಸಿಯಾದ ಮೇಲೂ ವಾಸಿಯಾಗಿಲ್ಲವೆಂದು ಮನೆಯಲ್ಲಿ ಹೇಳಿದೆ. ಆ ಮನೆಯಲ್ಲಿ ಇನ್ನೊಂದು ಸುಳ್ಳಿಗೆ ಜಾಗವೇನು ಕಡಿಮೆಯಿರಲಿಲ್ಲ.

ಕೊನೆಯ ಕಂತನ್ನು ನಾನು ಮೊದಲು ಯೋಚಿಸಿದ್ದಂತೆ ಬರೆಯಲಿಲ್ಲ. ಮುಚ್ಚಿದ ಬಾಗಿಲಲ್ಲೇ ಮುಗಿಸಬೇಕೆಂದಿದ್ದವಳು ಈಗ ಹೀಗೆ ಬರೆದೆ: ಮಗು ಬಾಗಿಲು ತಟ್ಟುತ್ತದೆ. ಅವಳು 'ಬಂದೆ ಇರು' ಎನ್ನುತ್ತಾಳೆ. ಕೈಯಲ್ಲಿದ್ದ ವಾಕ್ಯ ಮುಗಿಸುತ್ತಾಳೆ. ಎದ್ದು ಬಾಗಿಲು ತೆಗೆದು, ಮಗುವನ್ನು ಒಳಗೆ ಕರೆದುಕೊಂಡು, ಮತ್ತೆ ಅಗುಳಿ ಹಾಕುತ್ತಾಳೆ. ಸಂಪಾದಕರಿಂದ ಕಾಗದ ಬಂತು. ಬರವಣಿಗೆ ಸೊಗಸಾಗಿದೆ, ಆದರೆ ಮನೆಮಂದಿಯೆಲ್ಲ ಓದುವ ಪತ್ರಿಕೆ, ನಾಯಕಿ ಕೊನೆಗಾದರೂ ತಾಯ್ತನದ ಹಿರಿಮೆ ಅರಿಯಬೇಡವೇ, ತಿದ್ದಿ ಕಳಿಸಿ ಎಂದು. ಅವಳು ಮಗುವನ್ನು ಒಳಗೆ ಕರೆದುಕೊಂಡಿದ್ದಾಳಲ್ಲ, ಇನ್ನೇನು ಅರಿಯಬೇಕು ಎಂದು ಬರೆದು ತಿದ್ದದೆ ಬಿಟ್ಟೆ.

ಪತ್ರಿಕೆ ಬಂದ ದಿನ ಅತ್ತೆಗೆ ಕಂತು ಓದಿ ಹೇಳುವುದು ಮೊದಲಿನಿಂದಲೂ ನಡೆದುಕೊಂಡು ಬಂದಿತ್ತು. ಅವರಿಗೆ ಓದು ಬಾರದು, ಕಥೆಯ ಹುಚ್ಚು ಮಾತ್ರ ಜೋರು. ಏಣಿ ಹಿತ್ತಲಿಗೆ ಹೋದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ, ಏನೂ ಆಗದವರಂತೆ "ಓದೇ, ಏನಾಯ್ತಂತೆ?" ಎಂದು ಅವರೆಕಾಯಿ ಮೊರ ಮುಂದಿಟ್ಟುಕೊಂಡು ಕೂರುತ್ತಿದ್ದರು. ಕೊನೆಯ ಕಂತನ್ನೂ ಹಾಗೆಯೇ ಓದತೊಡಗಿದೆ. ಮಗು ಬಾಗಿಲು ತಟ್ಟಿತು. ಮುಂದಿನ ಸಾಲಿಗೆ ಬಂದವಳು ತಡವರಿಸಿದೆ. ಅಚ್ಚಿನಲ್ಲಿ ಆ ಮೇಡಂ ತಾನು ಬರೆದದ್ದನ್ನೆಲ್ಲ ಬಾಚಿಕೊಂಡು ಉರಿಯುವ ಒಲೆಗೆ ಹಾಕಿ, ಕಣ್ಣೀರು ಸುರಿಸುತ್ತ ಮಗುವನ್ನು ಅಪ್ಪಿಕೊಂಡು, ಗಂಡನ ಕಾಲಿಗೆ ಬಿದ್ದಿದ್ದಳು. ಅದು ನನ್ನ ಅಕ್ಷರವಲ್ಲ, ಪತ್ರಿಕೆಯವರದ್ದು. ಆದರೂ ಕೊನೆಯ ಚುಕ್ಕಿಯವರೆಗೂ ಓದಿದೆ.

ಅತ್ತೆ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದರು.

"ಇದು ನೀನಲ್ಲ ಕಣೇ."

ನಾನು ತಲೆಯೆತ್ತಿದೆ.

"ಏಣಿ ಮೇಲಕ್ಕೆ ಎಳ್ಕಂಡೋಳು ನೀನು. ಬರೆದಿದ್ದನ್ನ ಒಲೆಗೆ ಹಾಕ್ತೀಯಾ? ಯಾವನೋ ಬೇರೆಯೋನು ಬರೆದವ್ನೆ."

"ಅಷ್ಟು ಗೊತ್ತಾಗುತ್ತಲ್ಲ ಅತ್ತೆ ನಿಮಗೆ. ಆವತ್ತು ಕಾಯಿ ಎಳಸು ಅಂತಲೂ ಗೊತ್ತಿತ್ತಲ್ಲ. ಅಂಗಳದಲ್ಲಿ ಯಾಕೆ ಹೇಳಲಿಲ್ಲ?"

ಅವರು ಮತ್ತೆ ಕಾಯಿ ಕೈಗೆತ್ತಿಕೊಂಡರು. "ಹೆತ್ತೋಳು ಕಣಮ್ಮ ನಾನು. ಮಗನ್ನ ಹೆಂಗೆ ಬುಟ್ಕೊಡ್ಲಿ? ನಿಂಗೂ ಗೊತ್ತಾಯ್ತದೆ ಬುಡು."

ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ, ಒಲೆಯ ಮುಂದೆ, ನನ್ನೊಬ್ಬಳಿಗೇ ಸಿಗುವ ನ್ಯಾಯ ಅದು. ಆ ಕೊನೆ ನನ್ನದಲ್ಲವೆಂದು ಪತ್ರಿಕೆಗೆ ಬರೆದೆ, ಅಚ್ಚಾಗಲಿಲ್ಲ. ಆ ಕೊನೆಯನ್ನು ಮೆಚ್ಚಿ ಬಂದ ಪತ್ರಗಳು ಮಾತ್ರ ತಿಂಗಳುಗಟ್ಟಲೆ ಅಚ್ಚಾದವು. ತಾಯಿಯ ಹೃದಯವನ್ನು ಎಷ್ಟು ಚೆನ್ನಾಗಿ ಬಲ್ಲಿರಿ ಎಂದು ಕೊಂಡಾಡಿದ್ದರು.

ಕಾದಂಬರಿ ಪುಸ್ತಕವಾಗುವಷ್ಟರಲ್ಲಿ ಮಗಳು ಶಾಲೆಗೆ ಹೋಗುತ್ತಿದ್ದಳು. ಪೆನ್ಸಿಲ್ ಪ್ರತಿ, ವೇಟಿಂಗ್ ರೂಮಿನ ನೆನಪು ಎರಡನ್ನೂ ಜೋಡಿಸಿಕೊಂಡು ನನ್ನ ಕೊನೆಯನ್ನೇ ಮತ್ತೆ ಬರೆದು ಹಾಕಿಸಿದೆ. ಪುಸ್ತಕ ಬಂದ ದಿನ ಕಂದಿಕೆರೆ ಕಡೆಯ ನೆಂಟರೊಬ್ಬರು ಬಂದಿದ್ದರು. ನಡುಮನೆಯಲ್ಲಿ ಮಾವ, ಗಂಡ, ಅವರು. ನೆಂಟರು ಪುಸ್ತಕ ತಿರುವಿ ನೋಡಿ ನಕ್ಕರು.

"ಇದೇನಾ ಅಟ್ಟದ ಮ್ಯಾಲೆ ಕುಂತು ಬರೆದಿದ್ದು? ಕಾಯೆಲ್ಲ ಕೊಳೆಸಿದ್ದು?"

ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು: "ಊಂ ಕಣಪ್ಪ. ಬರೆಯೋರ್ನ ಅಟ್ಟಕ್ಕೆ ಬುಟ್ರೆ ಕಾಯಿ ಸೈಸ್ತದಾ?"

ಎಲ್ಲರೂ ನಕ್ಕರು. ಮಗಳು ನನ್ನ ಮುಖ ನೋಡುತ್ತಿದ್ದಳು. ನಾನು ಕಾಫಿ ಲೋಟದ ತಟ್ಟೆಯನ್ನು ನೆಲದ ಮೇಲಿಟ್ಟು ಹೇಳಿದೆ: "ಕಾಯಿ ಕೊಳೆತದ್ದು ನನ್ನಿಂದ ಅಲ್ಲ ಮಾವ. ನಿಮ್ಮ ಮಗ ತಂದದ್ದು ಬಲಿಯದ ಕಾಯಿ. ಅತ್ತೆಗೂ ಗೊತ್ತಿತ್ತು."

ನಗು ನಿಂತಿತು. ಗಂಡ ಎದ್ದು ಹೊರಗೆ ಹೋದರು. ಮಾವ ಮಾತ್ರ ಸಾವಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಅದೇನು ನಂಗೆ ಗೊತ್ತಿಲ್ವೇನಮ್ಮ? ಅಲ್ಲಾಡಿಸಿದಾಗ್ಲೇ ಗೊತ್ತಾಯ್ತು."

"ಮತ್ತೆ ಏಣಿ ಯಾಕೆ ತೆಗೆಸಿದ್ರಿ?"

"ಆಳುಗಳ ಮುಂದೆ ಯಾರಾದ್ರೂ ಹೊತ್ಕೋಬೇಕಿತ್ತಲ್ಲಮ್ಮ," ಎಂದರು. ದನಿಯಲ್ಲಿ ಕೋಪವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಎಲೆ ಮಡಿಸಿ ಬಾಯಿ ತುಂಬಿಕೊಂಡರು.

ನಾನು ಹಿತ್ತಲಿಗೆ ಹೋದೆ. ಏಣಿಯನ್ನು ಹೀರೆಬಳ್ಳಿಗೆ ಚಪ್ಪರ ಮಾಡಿದ್ದರು; ಕಾಯಿ ಏರಿಸಲು ಮಂಡಿಯಿಂದ ಬೇರೆ ಏಣಿ ಬಂದು ಹೋಗುತ್ತಿತ್ತು. ಬಳ್ಳಿಯನ್ನು ಕಾಯಿ ಸಮೇತ ಕಿತ್ತೆಸೆದು, ಏಣಿಯನ್ನು ನಡುಮನೆಗೆ ಎಳೆದು ತಂದು, ಎಲ್ಲರ ಎದುರಿಗೆ ಅಟ್ಟಕ್ಕೆ ಆನಿಸಿ ಹತ್ತಿದೆ. ಎರಡನೆಯ ಮೆಟ್ಟಿಲು ಕಾಲಿಟ್ಟ ಕೂಡಲೇ ಮುರಿದು ಕೆಳಗೆ ಬಿದ್ದೆ. ಏಣಿ ಮಳೆಗೆ ನೆನೆದು, ಗೆದ್ದಲು ತಿಂದಿತ್ತು. "ಹೀರೆಕಾಯಿ ಸಾರಿಗಾದ್ರೂ ಆಗ್ತಿತ್ತು," ಎಂದರು ಅತ್ತೆ.

ಮಗಳು ಬಂದು ಕೈ ಚಾಚಿದಳು. ಎದ್ದೆ. ಕೋಣೆಗೆ ಹೋಗಿ ಹಾಳೆ, ಪೆನ್ನು ತಂದೆ. ಅಟ್ಟದ ಕೆಳಗೆ, ನಡುಮನೆಯ ನಟ್ಟನಡುವೆ, ಹೋಗಿಬರುವ ದಾರಿಯಲ್ಲೇ ಹಾಳೆಗಳನ್ನು ಹರಡಿಕೊಂಡು ಕೂತೆ. ಮಗಳು ಪಕ್ಕದಲ್ಲಿ ಕೂತು ಜೋರಾಗಿ ಮಗ್ಗಿ ಓದತೊಡಗಿದಳು. ಅವತ್ತಿನಿಂದ ನಾನು ಬರೆಯುವ ಜಾಗ ಅದೇ. ಯಾರೂ ಹಾಳೆ ತುಳಿಯಲಿಲ್ಲ. ಕಾಗದ ಸರಸ್ವತಿ, ಕಾಲು ತಾಗಬಾರದೆಂದು ಮಾವ, ಅತ್ತೆ, ಗಂಡ ಎಲ್ಲರೂ ಗೋಡೆಗೆ ಒತ್ತಿಕೊಂಡು ಬಳಸಿ ಹೋದರು. ಕಾಗದಕ್ಕೆ ಅಷ್ಟೊಂದು ಮರ್ಯಾದೆ ಕೊಡುವ ಮನೆ ನಮ್ಮದು.